ಸರೋವರದ ಋತು ಒಂದು, ದಾರಿಯ ಋತು ಇನ್ನೊಂದು

ಪ್ರಶ್ನೆ: ನಾವು ದಾವಣಗೆರೆಯವರು. ಮಾನಸ ಸರೋವರಕ್ಕೆ ಹೋಗಬೇಕೆಂದು ಮನೆಯಲ್ಲಿ ಎರಡು ವರ್ಷದಿಂದ ಮಾತು ನಡೆದಿದೆ. ಯಾವ ತಿಂಗಳು ಎಂಬುದು ಮಾತ್ರ ತೀರ್ಮಾನವಾಗುತ್ತಿಲ್ಲ. ತಾಯಿಗೆ 66 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಓಡಾಟ ಚೆನ್ನಾಗಿದೆ. ಗುರುಪೂರ್ಣಿಮೆಯ ದಿನ ಸರೋವರದಲ್ಲಿ ಮುಳುಗಿ ಏಳಬೇಕೆಂಬುದು ಅವರ ಆಸೆ. ಮಗನಿಗೆ ಕ್ಯಾಮೆರಾದ ಹುಚ್ಚು; ಸರೋವರ ಹೆಪ್ಪುಗಟ್ಟಿದಾಗಲೇ ನೋಡಬೇಕು ಎನ್ನುತ್ತಾನೆ. ನನಗೆ ರಜೆ ಸಿಗುವುದು ದಸರೆಗೆ. ಮೂವರಿಗೂ ಒಪ್ಪುವ ಕಾಲ ಯಾವುದು?

ಉತ್ತರ: ಮೂವರಿಗೂ ಒಪ್ಪುವ ಕಾಲ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತು ಸಲೀಸಾಗುತ್ತದೆ. ನಿಮ್ಮ ತಾಯಿಯವರದು ಜುಲೈ, ನಿಮ್ಮದು ಅಕ್ಟೋಬರ್, ಮಗನದು ಜನವರಿ. ಒಂದೇ ನೀರಿನ ಮೂರು ಬೇರೆ ಬೇರೆ ರೂಪಗಳನ್ನು ನೀವು ಮೂವರು ಕೇಳುತ್ತಿದ್ದೀರಿ.

ಸರೋವರಕ್ಕೆ ಒಂದು ಒಳ್ಳೆಯ ಕಾಲವಿದೆ, ಆ ಕಾಲದಲ್ಲಿ ಹೊರಟರೆ ಆಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಐದು ಸಲ, ಮೂರು ದಾರಿಗಳಲ್ಲಿ ಹೋಗಿಬಂದ ಮೇಲೆ ನನಗೆ ಅನ್ನಿಸಿರುವುದು ಬೇರೆ. ಸರೋವರದ ಋತುವೇ ಒಂದು, ಅಲ್ಲಿಗೆ ಹೋಗುವ ದಾರಿಯ ಋತುವೇ ಇನ್ನೊಂದು. ಸರೋವರ ಕೈಬೀಸಿ ಕರೆಯುವ ದಿನಗಳಲ್ಲೇ ದಾರಿ ಮುನಿಸಿಕೊಂಡಿರುತ್ತದೆ. ಯಾತ್ರಿಗಳು ಪಂಚಾಂಗ ನೋಡುತ್ತಾರೆ, ಸರೋವರದ ಫೋಟೊ ನೋಡುತ್ತಾರೆ, ದಾರಿಯನ್ನು ನೋಡುವುದಿಲ್ಲ. ತೊಂದರೆಗೆ ಸಿಕ್ಕಿಕೊಳ್ಳುವುದು ಮಾತ್ರ ದಾರಿಯಲ್ಲೇ.

ಮೊದಲು ಸ್ಥಳದ ಅಂದಾಜು ಸಿಗಲಿ. ಮಾನಸ ಸರೋವರ ಸಮುದ್ರಮಟ್ಟದಿಂದ ಸುಮಾರು 4,590 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅದರ ತಲೆಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೂ ಸರೋವರದ ದಡ ಇನ್ನೂ ಏಳುನೂರು ಮೀಟರ್ ಮೇಲಿರುತ್ತದೆ. ವಿಸ್ತೀರ್ಣ ಸುಮಾರು 410 ಚದರ ಕಿಲೋಮೀಟರ್, ಸುತ್ತಳತೆ 88 ಕಿಲೋಮೀಟರ್ ಆಸುಪಾಸು. ಸ್ವೀಡನ್ನಿನ ಸ್ವೆನ್ ಹೆಡಿನ್ 1907ರಲ್ಲಿ ಮಡಿಚುವ ದೋಣಿಯೊಂದನ್ನು ಇಳಿಸಿ ದಾರಕ್ಕೆ ತೂಕ ಕಟ್ಟಿ ಆಳ ಅಳೆದ. ಸಿಕ್ಕ ಗರಿಷ್ಠ ಆಳ ಸುಮಾರು 82 ಮೀಟರ್. ಸರೋವರದ ದೇವತೆ ದೋಣಿಯನ್ನು ಎಳೆದುಕೊಳ್ಳುತ್ತದೆ ಎಂದು ಸ್ಥಳೀಯರು ಅವನನ್ನು ಎಚ್ಚರಿಸಿದ್ದರು. ಉತ್ತರಕ್ಕೆ ಕೈಲಾಸ, ದಕ್ಷಿಣಕ್ಕೆ 7,694 ಮೀಟರಿನ ಗುರ್ಲಾ ಮಾಂಧಾತ, ಪಶ್ಚಿಮಕ್ಕೆ ಒಂದು ಸಣ್ಣ ಗುಡ್ಡಸಾಲಿನ ಆಚೆ ರಾಕ್ಷಸತಾಲ ಎಂಬ ಇನ್ನೊಂದು ಸರೋವರ. ಟಿಬೆಟನ್ನರು ಇದನ್ನು ಮಾಪಮ್ ಯುಮ್‌ತ್ಸೊ ಎನ್ನುತ್ತಾರೆ, ಸೋಲರಿಯದ ಹಸಿರುನೀಲಿ ಸರೋವರ ಎಂದು. ಬಣ್ಣದ ಮಟ್ಟಿಗೆ ಆ ಹೆಸರು ನಮ್ಮ ಹೆಸರಿಗಿಂತ ಹೆಚ್ಚು ನಿಖರವಾಗಿದೆ.

ಈಗ ಮಳೆಯ ವಿಚಾರ. ಘಟ್ಟದ ಈಚೆ ಬದಿಯ ಬಯಲುಸೀಮೆಯಲ್ಲಿ ಇರುವ ನಿಮಗೆ ಇದನ್ನು ವಿವರಿಸುವುದು ಸುಲಭ. ಆಗುಂಬೆಯಲ್ಲಿ ಹುಚ್ಚು ಮಳೆ ಸುರಿಯುತ್ತಿರುವಾಗ ಚಳ್ಳಕೆರೆಯಲ್ಲಿ ಬರೀ ಗಾಳಿ, ಮೋಡದ ನೆರಳು. ಹಿಮಾಲಯವೂ ಅಂಥದೇ ಒಂದು ಘಟ್ಟ, ಅಳತೆ ಮಾತ್ರ ಬೇರೆ. ಮುಂಗಾರು ಅದರ ದಕ್ಷಿಣದ ಮೈಯಲ್ಲಿ ತನ್ನ ಹೊರೆಯನ್ನೆಲ್ಲ ಇಳಿಸಿಬಿಡುತ್ತದೆ. ಮಾನಸ ಸರೋವರ ಇರುವುದು ಟಿಬೆಟಿನ ಚಳ್ಳಕೆರೆಯಲ್ಲಿ. ಅಲ್ಲಿ ಬೀಳುವ ಅಲ್ಪಸ್ವಲ್ಪ ಮಳೆಯ ಬಹುಪಾಲು ಜುಲೈ–ಆಗಸ್ಟ್‌ನಲ್ಲೇ ಬಿದ್ದರೂ ಮಲೆನಾಡಿನವರು ಅದನ್ನು ಮಳೆ ಎಂದು ಕರೆಯಲಾರರು. ಸಂಜೆ ಹೊತ್ತಿಗೆ ಮೋಡ ಕಟ್ಟುತ್ತದೆ, ಆಲಿಕಲ್ಲು ಪಟಪಟ ಬಡಿಯುತ್ತದೆ, ಅರ್ಧ ಗಂಟೆಯಲ್ಲಿ ಮತ್ತೆ ಬಿಸಿಲು. ಆದರೆ ನೀವು ಚಳ್ಳಕೆರೆಗೆ ಹೋಗಬೇಕಾದದ್ದು ಆಗುಂಬೆಯನ್ನು ದಾಟಿ. ಅದೂ ಮುಂಗಾರಿನ ನಡುಮಧ್ಯದಲ್ಲಿ.

ಗುರುಪೂರ್ಣಿಮೆ ಬರುವುದು ಸಾಮಾನ್ಯವಾಗಿ ಜುಲೈಯಲ್ಲಿ. ಆ ಕಾಲದ ಲೆಕ್ಕವನ್ನು ಒಮ್ಮೆ ನೋಡಿ. 1998ರ ಆಗಸ್ಟ್ 17–18ರ ರಾತ್ರಿ ಉತ್ತರಾಖಂಡದ ಪಿಥೋರಾಗಡ ಜಿಲ್ಲೆಯ ಮಾಲ್ಪಾ ಎಂಬಲ್ಲಿ ಗುಡ್ಡ ಜರಿದು 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು 60 ಮಂದಿ ಮಾನಸ ಸರೋವರದ ಯಾತ್ರಿಗಳು. ಬೆಂಗಳೂರಿನ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದ ಒಡಿಸ್ಸಿ ಕಲಾವಿದೆ ಪ್ರೊತಿಮಾ ಬೇಡಿ ಕೊನೆಯುಸಿರೆಳೆದದ್ದು ಅಲ್ಲೇ. 2018ರ ಜುಲೈ ಮೊದಲ ವಾರ ನೇಪಾಳದ ಸಿಮಿಕೋಟ್, ಹಿಲ್ಸಾಗಳಲ್ಲಿ ಮೋಡ ಕವಿದು ಸಣ್ಣ ವಿಮಾನಗಳು ಹಾರಲಾಗದೆ ಸಾವಿರಕ್ಕೂ ಹೆಚ್ಚು ಭಾರತೀಯ ಯಾತ್ರಿಗಳು ಸಿಕ್ಕಿಕೊಂಡರು. ಅವರಲ್ಲಿ ನಮ್ಮ ರಾಜ್ಯದವರೂ ಬಹಳ ಮಂದಿ ಇದ್ದರು. ಆ ದಿನಗಳ ಪತ್ರಿಕೆ ನಿಮಗೂ ನೆನಪಿರಬಹುದು. 2025ರ ಜುಲೈ 8ರಂದು ನೇಪಾಳ–ಟಿಬೆಟ್ ಗಡಿಯ ರಸುವಾಗಢಿಯ ಸೇತುವೆಯನ್ನೇ ಪ್ರವಾಹ ಕೊಚ್ಚಿಕೊಂಡು ಹೋಯಿತು. ಮೂರೂ ಬೇರೆ ಬೇರೆ ದಾರಿ, ಕಾಲ ಮಾತ್ರ ಒಂದೇ. ಮೂರು ಸಂದರ್ಭದಲ್ಲೂ ಸರೋವರದ ದಡದಲ್ಲಿ ಯಾವ ಅನಾಹುತವೂ ಆಗಿರಲಿಲ್ಲ.

ಹಾಗೆಂದು ಜುಲೈ–ಆಗಸ್ಟ್‌ನ ಸರೋವರವನ್ನು ತೆಗೆದುಹಾಕುತ್ತಿಲ್ಲ. ವರ್ಷದಲ್ಲಿ ಅಲ್ಲಿ ಹುಲ್ಲು ಹಸಿರಾಗಿರುವುದು ಆಗ ಮಾತ್ರ. ಯಾಕ್ ಕೂದಲಿನಿಂದ ನೇಯ್ದ ಕಪ್ಪು ಡೇರೆಗಳು ಬಯಲಿನಲ್ಲಿ ಏಳುತ್ತವೆ. ನೆಲಕ್ಕೆ ಅಂಟಿಕೊಂಡು, ಬೆರಳುಗುರಿನಷ್ಟೇ ದೊಡ್ಡ ಹೂಗಳು ಅರಳುತ್ತವೆ. ಬಾಗಿ ನೋಡದಿದ್ದರೆ ಕಾಣುವುದೇ ಇಲ್ಲ. ರಾತ್ರಿಯ ಚಳಿ ಸಹಿಸುವಷ್ಟಿರುತ್ತದೆ. ವಯಸ್ಸಾದವರಿಗೆ ಇದು ಸಣ್ಣ ಲಾಭವಲ್ಲ. ಕೈಲಾಸ ಮಾತ್ರ ಮೋಡದ ಮರೆಯಲ್ಲಿ ಕಣ್ಣುಮುಚ್ಚಾಲೆ ಆಡುತ್ತದೆ. ಎರಡು ದಿನ ದಡದಲ್ಲಿ ಕೂತು ಗುರ್ಲಾ ಮಾಂಧಾತವನ್ನು ಒಮ್ಮೆಯೂ ನೋಡದೆ ಹಿಂದಿರುಗಿದವರು ನನಗೆ ಗೊತ್ತು. ಸುತ್ತಲಿನ ಹಳ್ಳಗಳು ಹಿಮ ಕರಗಿ ಮಧ್ಯಾಹ್ನದ ನಂತರ ಉಬ್ಬುತ್ತವೆ, ದಡದ ಜೌಗಿನಲ್ಲಿ ಸೊಳ್ಳೆ ಇರುತ್ತದೆ. ಅಷ್ಟು ಎತ್ತರದಲ್ಲಿ ಸೊಳ್ಳೆ ಕಚ್ಚಿತು ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ.

ಇನ್ನು ಮುಳುಗಿ ಏಳುವ ಮಾತು. ನಿಮ್ಮ ತಾಯಿಯವರಿಗೆ ಈಗಲೇ ತಿಳಿಸಿಬಿಡಿ, ಅಲ್ಲಿ ಹೋಗಿ ನಿರಾಶೆಯಾಗುವುದು ಬೇಡ: 2018ರಿಂದ ಸರೋವರದೊಳಗೆ ಇಳಿದು ಸ್ನಾನ ಮಾಡಲು ಚೀನಾದ ಅಧಿಕಾರಿಗಳು ಬಿಡುತ್ತಿಲ್ಲ. ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಬಂದು ದಡದಿಂದ ದೂರದಲ್ಲಿ ಸ್ನಾನ ಮಾಡಬೇಕು. ಕೊನೆಯ ಸಲ ಹೋದಾಗ ನಮ್ಮ ಗುಂಪಿನ ಹೆಂಗಸರಿಗೆ ನೀಲಿ ಟಾರ್ಪಾಲಿನ ಮರೆ ಕಟ್ಟಿದ್ದರು. ಗಾಳಿಗೆ ಅದು ಹಾಯಿಯ ಹಾಗೆ ಉಬ್ಬಿ ಹಾರಲು ನೋಡುತ್ತಿತ್ತು; ನಾಲ್ಕು ಜನ ನಾಲ್ಕು ಮೂಲೆ ಹಿಡಿದು ನಿಂತಿದ್ದರು, ಒಳಗಿನಿಂದ ಮಂತ್ರವೂ ಚೀರಾಟವೂ ಒಟ್ಟಿಗೇ ಕೇಳುತ್ತಿದ್ದವು. ಅಡುಗೆಯ ಹುಡುಗ ದೊಡ್ಡ ಪಾತ್ರೆಯಲ್ಲಿ ಅದೇ ನೀರನ್ನು ಬಿಸಿ ಮಾಡಿ ಒಂದೊಂದು ಚೊಂಬು ಬೆರೆಸಿಕೊಡುತ್ತಿದ್ದ. ನೀರು ಸರೋವರದ್ದೇ, ತಂಬಿಗೆ ಮನೆಯಿಂದ ತಂದದ್ದು. ಬೆಚ್ಚಗಿನ ನೀರಿಗೆ ಪುಣ್ಯ ಕಡಿಮೆ ಎಂದು ಯಾವ ಶಾಸ್ತ್ರಿಗಳಾದರೂ ಹೇಳಿದರೆ ಅವರನ್ನೇ ಮೊದಲು ಕಳಿಸಿ. 66 ವರ್ಷದವರು, ರಕ್ತದೊತ್ತಡ ಇರುವವರು, ಆ ಎತ್ತರದಲ್ಲಿ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಹುಣ್ಣಿಮೆಯ ವಿಷಯದಲ್ಲೂ ಒಂದು ಮಾತು. ಬ್ರಾಹ್ಮೀ ಮುಹೂರ್ತದಲ್ಲಿ ದೇವತೆಗಳು ನಕ್ಷತ್ರಗಳಾಗಿ ಸರೋವರಕ್ಕೆ ಸ್ನಾನಕ್ಕೆ ಇಳಿಯುತ್ತಾರೆ ಎಂಬ ನಂಬಿಕೆ ಯಾತ್ರಿಗಳಲ್ಲಿ ಬಲವಾಗಿದೆ. ಅದಕ್ಕಾಗಿಯೇ ರಾತ್ರಿ ಎರಡಕ್ಕೆ ಎದ್ದು ಕೂರುವವರಿದ್ದಾರೆ. ಹಾಗೆ ಕೂರುವ ಮನಸ್ಸಿದ್ದರೆ ಅಮಾವಾಸ್ಯೆಯ ಹತ್ತಿರದ ದಿನ ಆರಿಸಿಕೊಳ್ಳಿ. ಗಾಳಿ ನಿಂತ ರಾತ್ರಿ ಚುಕ್ಕಿಗಳು ನೀರಿನಲ್ಲಿ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಬೀಳುತ್ತವೆ. ಆಕಾಶಗಂಗೆ ದಡದಿಂದ ದಡಕ್ಕೆ ಸೇತುವೆ ಹಾಕುತ್ತದೆ. ಹುಣ್ಣಿಮೆಯಲ್ಲಿ ಚಂದ್ರ ಅದನ್ನೆಲ್ಲ ತೊಳೆದುಹಾಕುತ್ತಾನೆ. ಬದಲಿಗೆ ಗುರ್ಲಾ ಮಾಂಧಾತದ ಹಿಮ ಬೆಳ್ಳಗೆ ಹೊಳೆದು ಸುತ್ತಲಿನ ಬೆಟ್ಟವೆಲ್ಲ ಹಾಲಿನಲ್ಲಿ ಅದ್ದಿದಂತಾಗುತ್ತದೆ. ಎರಡೂ ಚೆಂದ, ಎರಡೂ ಒಂದೇ ರಾತ್ರಿ ಸಿಗುವುದಿಲ್ಲ. ಆಷಾಢದ ಹುಣ್ಣಿಮೆಗೆ ಮೋಡದ ಕಾಟ ಬೇರೆ. ಹುಣ್ಣಿಮೆಯೇ ಬೇಕಾದರೆ ಭಾದ್ರಪದದ ಹುಣ್ಣಿಮೆ ಯಾಕಾಗಬಾರದು ಎಂದು ತಾಯಿಯವರನ್ನು ಕೇಳಿ ನೋಡಿ. ಅದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಬರುತ್ತದೆ.

ಟಿಬೆಟನ್ನರಿಗೆ ದೊಡ್ಡ ಹುಣ್ಣಿಮೆ ಬೇರೆಯೇ ಇದೆ. ಅವರ ನಾಲ್ಕನೆಯ ತಿಂಗಳಿನ ಹುಣ್ಣಿಮೆ, ಸಾಗ ದಾವಾ, ನಮ್ಮ ಮೇ ಕೊನೆ ಅಥವಾ ಜೂನಿನಲ್ಲಿ. ಬುದ್ಧನಿಗೆ ಜ್ಞಾನೋದಯವೂ ಪರಿನಿರ್ವಾಣವೂ ಆದ ದಿನ ಅದು. ಕೈಲಾಸದ ಬುಡದಲ್ಲಿ ತಾರ್ಬೋಚೆ ಎಂಬ ದೊಡ್ಡ ಧ್ವಜಸ್ತಂಭವನ್ನು ಇಳಿಸಿ, ಹೊಸ ಪತಾಕೆಗಳನ್ನು ಸುತ್ತಿ, ಮತ್ತೆ ಎತ್ತಿ ನಿಲ್ಲಿಸುತ್ತಾರೆ. ಕಂಬ ನೆಟ್ಟಗೆ ನಿಂತರೆ ವರ್ಷ ಚೆನ್ನಾಗಿರುತ್ತದೆ, ವಾಲಿದರೆ ಕೆಡುಕು. ಜಾತ್ರೆಯ ತೇರು ಅಲುಗಾಡದೆ ನಿಂತರೆ ನಾವು ಉಸಿರು ಬಿಡುವ ಹಾಗೆಯೇ ಅವರೂ. ಜೊತೆಗೆ ಅವರ ಹನ್ನೆರಡು ವರ್ಷದ ಚಕ್ರವನ್ನೂ ಗಮನಿಸಬೇಕು: ಕುದುರೆ ವರ್ಷ ಬೆಟ್ಟವನ್ನು ಸುತ್ತು, ಕುರಿ ವರ್ಷ ಸರೋವರವನ್ನು ಸುತ್ತು ಎಂಬ ರೂಢಿ ಅಲ್ಲಿದೆ. 2014ರ ನಂತರದ ಕುದುರೆ ವರ್ಷ 2026. ಆ ವರ್ಷ ಕೈಲಾಸದ ಒಂದು ಪ್ರದಕ್ಷಿಣೆ ಹದಿಮೂರಕ್ಕೆ ಸಮ ಎನ್ನುತ್ತಾರೆ. ಪುಣ್ಯ ಹದಿಮೂರು ಪಟ್ಟಾದಂತೆ ಜನಜಂಗುಳಿಯೂ ಆಗುತ್ತದೆ, ಕೈಲಾಸದ ಬುಡದ ಊರಾದ ದಾರ್ಚೆನ್‌ನಲ್ಲಿ ಹಾಸಿಗೆಗೂ ಪರದಾಟ. 2027 ಕುರಿ ವರ್ಷ. ಆಗ ಸರೋವರಗಳ ಸರದಿ. ಹೆಚ್ಚಿನ ಜನ ಹರಿಯುವುದು ಲ್ಹಾಸಾದ ಉತ್ತರಕ್ಕಿರುವ, 4,718 ಮೀಟರ್ ಎತ್ತರದ ನಮ್‌ತ್ಸೊ ಕಡೆಗೆ.

ಮೇ–ಜೂನ್‌ನ ಸರೋವರ ನನ್ನ ಕಣ್ಣಿಗೆ ಸ್ವಲ್ಪ ಒಣಕಲು. ನೆಲ ಇನ್ನೂ ಕಂದು ಬಣ್ಣದ್ದು, ಗಾಳಿಗೆ ಧೂಳು, ತುಟಿ ಒಡೆದು ರಕ್ತ ಬರುತ್ತದೆ. ಆದರೆ ಆಕಾಶ ಬಹುತೇಕ ತಿಳಿಯಾಗಿರುತ್ತದೆ, ದಕ್ಷಿಣದಲ್ಲಿ ಮುಂಗಾರು ಇನ್ನೂ ಕಾಲಿಟ್ಟಿರುವುದಿಲ್ಲ ಅಥವಾ ಈಗಷ್ಟೇ ಇಟ್ಟಿರುತ್ತದೆ. ದಾರಿಯ ದೃಷ್ಟಿಯಿಂದ ಇದು ಒಳ್ಳೆಯ ಕಾಲ.

ನನ್ನನ್ನು ಕೇಳಿದರೆ ಸೆಪ್ಟೆಂಬರ್. ಮೊದಲ ವಾರದ ನಂತರ ಮೋಡಗಳು ಹಿಂದೆ ಸರಿಯುತ್ತವೆ, ಹಳ್ಳಗಳ ಅಬ್ಬರ ತಗ್ಗುತ್ತದೆ, ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ. ವಾಯವ್ಯ ಮೂಲೆಯಲ್ಲಿರುವ ಬೌದ್ಧ ಮಠ ಚಿಯು ಗೊಂಪಾದ ಬಂಡೆಯ ಮೇಲೆ ಹತ್ತಿ ಕೂತರೆ ಇಡೀ ಸರೋವರ ಕಾಲಬುಡದಲ್ಲಿ. ಬೆಳಗಿನ ಹೊತ್ತು ಒಂದು ಸುಕ್ಕೂ ಇಲ್ಲ. ದಡದ ಹತ್ತಿರ ತಳದ ಕಲ್ಲುಗಳು ಕಾಣುವಷ್ಟು ತಿಳಿ, ಸ್ವಲ್ಪ ಮುಂದೆ ಹಸಿರು, ಆಮೇಲೆ ನೀಲಿ, ಗುರ್ಲಾ ಮಾಂಧಾತದ ಬುಡದಲ್ಲಿ ಹೆಚ್ಚುಕಡಿಮೆ ಕಪ್ಪು. ಮಧ್ಯಾಹ್ನ ಆಗುತ್ತಲೇ ಗಾಳಿ ಏಳುತ್ತದೆ. ಗಂಟೆಯೊಳಗೆ ಅದೇ ನೀರು ಮಲ್ಪೆಯ ಕಡಲಿನ ಹಾಗೆ ನೊರೆ ಕಾರುತ್ತ ದಡಕ್ಕೆ ಬಡಿಯುತ್ತದೆ. ಆ ಸರೋವರಕ್ಕೆ ವರ್ಷದ ಋತುಗಳಷ್ಟೇ ದಿನದ ಋತುಗಳೂ ಇವೆ. ಬಸ್ಸಿನಲ್ಲಿ ಮಧ್ಯಾಹ್ನ ಮೂರಕ್ಕೆ ಬಂದು ಐದಕ್ಕೆ ಹೊರಡುವವರಿಗೆ ಅದರ ಒಂದು ಮುಖ ಮಾತ್ರ ಕಾಣುತ್ತದೆ. ಎರಡು ರಾತ್ರಿಯಾದರೂ ದಡದಲ್ಲಿ ಉಳಿಯುವ ಕಾರ್ಯಕ್ರಮವನ್ನೇ ಒಪ್ಪಿಕೊಳ್ಳಿ. ಸೆಪ್ಟೆಂಬರ್ ಕೊನೆಗೆ ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ಕೆಳಕ್ಕೆ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ. ನಸುಕಿನಲ್ಲಿ ದಡದ ಕಲ್ಲುಗಳಿಗೆ ಗಾಜಿನ ಲೇಪದ ಹಾಗೆ ಮಂಜುಗಡ್ಡೆ ಕಟ್ಟಿರುತ್ತದೆ, ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ.

ಚಿಯು ಗೊಂಪಾದ ಬುಡದಲ್ಲೇ ಗಂಗಾ ಛು ಎಂಬ ಕಾಲುವೆ ಇದೆ, ಮಾನಸದಿಂದ ರಾಕ್ಷಸತಾಲಕ್ಕೆ. ಅದರಲ್ಲಿ ನೀರು ಹರಿದರೆ ನಾಡಿಗೆ ಒಳ್ಳೆಯದು ಎಂದು ಸ್ಥಳೀಯರ ನಂಬಿಕೆ. 1812ರಲ್ಲಿ ಬಂದ ಬ್ರಿಟಿಷ್ ಪ್ರವಾಸಿ ವಿಲಿಯಂ ಮೂರ್‌ಕ್ರಾಫ್ಟ್‌ಗೆ ಅಂಥ ಹರಿವೇ ಸಿಗಲಿಲ್ಲ. 1846ರಲ್ಲಿ ಬಂದ ಹೆನ್ರಿ ಸ್ಟ್ರಾಚಿಗೆ ನೀರು ಹರಿಯುವುದು ಕಂಡಿತು. ಇಬ್ಬರಲ್ಲಿ ಯಾರು ಸರಿ ಎಂದು ಭೂಗೋಳದವರು ಬಹಳ ಕಾಲ ಜಗಳವಾಡಿದರು. ಇಬ್ಬರೂ ಸರಿಯೇ, ಸರೋವರ ತುಂಬಿದ ವರ್ಷ ಹರಿಯುತ್ತದೆ, ಇಳಿದ ವರ್ಷ ಇಲ್ಲ.

ನಿಮ್ಮ ದಸರೆಯ ರಜೆಗೆ ಬರೋಣ. ಅಕ್ಟೋಬರಿನಲ್ಲಿ ಸರೋವರ ಸುಂದರವಾಗಿರುತ್ತದೆ, ಆದರೆ ಭಾರತೀಯ ಯಾತ್ರಿಗಳ ಗುಂಪುಗಳು ಅಷ್ಟರಲ್ಲಿ ಮುಗಿದಿರುತ್ತವೆ. ಅಕ್ಟೋಬರ್ 1ರಿಂದ ಚೀನಾದಲ್ಲಿ ರಾಷ್ಟ್ರೀಯ ರಜೆಯ ವಾರ, ಅಲ್ಲಿಯ ಪ್ರವಾಸಿಗಳೇ ಕಿಕ್ಕಿರಿದಿರುತ್ತಾರೆ. ರಜೆಯನ್ನು ಮೂರು ವಾರ ಹಿಂದಕ್ಕೆ ತರಲು ಕಚೇರಿಯಲ್ಲಿ ಈಗಲೇ ಮಾತಾಡಿಕೊಳ್ಳಿ.

ಮಗನ ಆಸೆ ನನ್ನದೂ ಹೌದು, ಇನ್ನೂ ಈಡೇರಿಲ್ಲ. ಚಳಿಗಾಲದ ಮಾನಸವನ್ನು ದಡದಲ್ಲೇ ಕೂತು ಕಂಡವರಲ್ಲಿ ಸ್ವಾಮಿ ಪ್ರಣವಾನಂದರು ಮುಖ್ಯರು. 1936–37ರ ಚಳಿಗಾಲವನ್ನು ಅವರು ದಕ್ಷಿಣ ದಡದ ಗೊಂಪಾದಲ್ಲಿ ಕಳೆದು, ಸರೋವರ ಹೆಪ್ಪುಗಟ್ಟುವುದನ್ನೂ ಒಡೆಯುವುದನ್ನೂ ದಿನದಿನವೂ ಬರೆದಿಟ್ಟರು. ನಮಗೆ ವಿಚಿತ್ರ ಎನಿಸುವುದು ಒಂದಿದೆ: ಅಕ್ಟೋಬರಿನಲ್ಲೇ ಕೊಡದ ನೀರು ಗಡ್ಡೆಯಾಗುವ ಜಾಗದಲ್ಲಿ ಸರೋವರ ಮಾತ್ರ ಡಿಸೆಂಬರ್ ಕೊನೆ, ಜನವರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಸಿಹಿನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಮೇಲಿನ ನೀರು ತಣ್ಣಗಾದಂತೆ ಭಾರವಾಗಿ ತಳಕ್ಕೆ ಇಳಿಯುತ್ತದೆ, ತಳದ ಬೆಚ್ಚನೆಯ ನೀರು ಮೇಲೆ ಬರುತ್ತದೆ. ಎಂಬತ್ತು ಮೀಟರ್ ಆಳದ ಇಡೀ ನೀರು 4 ಡಿಗ್ರಿಗೆ ಇಳಿಯುವವರೆಗೂ ಈ ಕಡೆಯುವಿಕೆ ನಡೆದೇ ಇರುತ್ತದೆ. ಆಮೇಲೆ ಗಾಳಿಯ ಆಟ, ಅಲೆ ಎದ್ದಷ್ಟು ಹೊತ್ತು ಕೆನೆ ಕಟ್ಟುವುದಿಲ್ಲ. ಕೊನೆಗೆ ಗಾಳಿ ನಿಂತ ರಾತ್ರಿಯೊಂದು ಬರುತ್ತದೆ, ಹಾಲಿನ ಮೇಲೆ ಕೆನೆ ಬಂದ ಹಾಗೆ ಮಂಜುಗಡ್ಡೆ ಹರಡಿಕೊಳ್ಳುತ್ತದೆ. ಆ ಹಾಸು ಸುಮ್ಮನೆ ಇರುವುದಿಲ್ಲ. ಹಗಲಿನ ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಉದ್ದಕ್ಕೂ ಬಿರುಕು ಬಿಟ್ಟು, ಗುಡುಗಿನಂತೆ ಸದ್ದು ಮಾಡುತ್ತದೆ. ಒತ್ತಡಕ್ಕೆ ಗಡ್ಡೆಗಳು ಎದ್ದು ದಡದ ಮೇಲೆ ಗೋಡೆಯಾಗಿ ಪೇರಿಸಿಕೊಳ್ಳುತ್ತವೆ. ಅದು ಮತ್ತೆ ನೀರಾಗುವುದು ಏಪ್ರಿಲ್–ಮೇ ಹೊತ್ತಿಗೆ.

ಮಗ ಈ ವಿವರ ಓದಿ ಇನ್ನಷ್ಟು ಹಠ ಹಿಡಿಯಬಹುದು. ಆದರೆ ಭಾರತೀಯ ಯಾತ್ರಿಗಳಿಗೆ ಗುಂಪು ಅನುಮತಿ ಸಿಗುವುದು ಅಲ್ಲಿಯ ಬೇಸಿಗೆಯ ತಿಂಗಳುಗಳಿಗೆ. ಟಿಬೆಟಿನ ಹೊಸವರ್ಷದ ನಂತರ ಮಾರ್ಚ್ ಕೊನೆಯವರೆಗೆ ವಿದೇಶಿಯರಿಗೆ ಇಡೀ ಟಿಬೆಟೇ ಬಾಗಿಲು ಹಾಕಿಕೊಳ್ಳುವುದು ವಾಡಿಕೆ. ಹೆಪ್ಪುಗಟ್ಟಿದ ಎತ್ತರದ ಸರೋವರವೇ ಬೇಕಿದ್ದರೆ ಲಡಾಖಿನ ಪಾಂಗೊಂಗ್‌ಗೆ ಹೋಗಲಿ. ಇದೇ ಪ್ರಸ್ಥಭೂಮಿಯ ಸರೋವರ, 4,200 ಮೀಟರಿಗೂ ಮೇಲೆ, ಪೂರ್ವದ ಭಾಗ ಟಿಬೆಟಿನಲ್ಲಿದೆ. ನೀರು ಉಪ್ಪಾದರೂ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ. 2023ರ ಫೆಬ್ರುವರಿಯಲ್ಲಿ ಆ ಮಂಜಿನ ಮೇಲೆ 21 ಕಿಲೋಮೀಟರ್ ಓಟವನ್ನೇ ನಡೆಸಿದರು. ಕ್ಯಾಮೆರಾದ ಬ್ಯಾಟರಿಗಳನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳಲಿ, ಚಳಿಗೆ ಬಹಳ ಬೇಗ ಖಾಲಿಯಾಗುತ್ತವೆ.

ಅವನಿಗೆ ಇನ್ನೊಂದು ಸುಲಭದ ಕೆಲಸವೂ ಇದೆ. ಮಾನಸದ ಹಂಸ ಎಂದು ನಮ್ಮವರು ಹಾಡಿದ ಹಕ್ಕಿ ಯಾವುದು ಎಂಬ ಚರ್ಚೆ ಹಳೆಯದು. ನನ್ನ ಮತ ಪಟ್ಟೆತಲೆ ಹೆಬ್ಬಾತಿಗೆ. ಬೂದುಬಿಳಿ ಮೈ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಟಿಬೆಟಿನ ಸರೋವರಗಳ ಜೌಗಿನಲ್ಲಿ ಬೇಸಿಗೆಯಲ್ಲಿ ಮರಿ ಮಾಡುತ್ತದೆ, ಚಳಿಗಾಲಕ್ಕೆ ಹಿಮಾಲಯ ಹಾರಿ ದಾಟಿ ದಕ್ಷಿಣಕ್ಕೆ ಬರುತ್ತದೆ. ನಿಮ್ಮೂರಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಅದನ್ನು ನೋಡಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ವರ್ಷ ನವೆಂಬರಿನಿಂದ ಫೆಬ್ರುವರಿವರೆಗೆ ಸಾವಿರಗಟ್ಟಲೆ ಬರುತ್ತವೆ. ಹಗಲು ಕೆರೆಯಲ್ಲಿ, ಸಂಜೆ ಸುತ್ತಲಿನ ಕಡಲೆ, ಶೇಂಗಾ ಹೊಲಗಳಲ್ಲಿ. ಮಳೆಗಾಲ ಶುರುವಾಗುತ್ತಲೇ ಹಂಸಗಳು ಮಾನಸಕ್ಕೆ ಹೊರಡುತ್ತವೆ ಎಂಬುದು ಕವಿಸಮಯ; ಹಕ್ಕಿಗಳು ಕವಿಗಳಿಗಿಂತ ಜಾಣರು, ಮಾರ್ಚ್‌ನಲ್ಲೇ ಹೊರಟಿರುತ್ತವೆ, ದಾರಿಯಲ್ಲಿ ಮುಂಗಾರಿಗೆ ಸಿಕ್ಕುವುದಿಲ್ಲ.

ಇನ್ನು ತಾಯಿಯವರ ಆರೋಗ್ಯ. ಸರೋವರದ ದಡದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡ 58ರಷ್ಟು. ನೀರು 85 ಡಿಗ್ರಿ ಹೊತ್ತಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದಿದ್ದರೆ ಅಕ್ಕಿ ಎಷ್ಟು ಹೊತ್ತಾದರೂ ಅನ್ನವಾಗುವುದಿಲ್ಲ. ದೇಹವೂ ಹಾಗೆಯೇ, ಅದಕ್ಕೆ ಬೇಯಲು ಸಮಯ ಬೇಕು. ನನ್ನ ಮೊದಲ ಯಾತ್ರೆಯಲ್ಲಿ ಆದದ್ದು ಹೇಳುತ್ತೇನೆ. ನೇಪಾಳದ ರಸ್ತೆಯಿಂದ ಹೋಗಿದ್ದೆವು. ಸುಮಾರು 2,800 ಮೀಟರಿನ ಕೆರುಂಗ್‌ನಿಂದ ಒಂದೇ ದಿನದಲ್ಲಿ 4,500 ಮೀಟರಿನ ಸಾಗಾಕ್ಕೆ ಏರಿಸಿದರು. ರಾತ್ರಿ ತಲೆನೋವು. ವ್ಯವಸ್ಥಾಪಕರಿಗೆ ಹೇಳಿದರೆ ಹಿಂದಕ್ಕೆ ಕಳಿಸಿಬಿಟ್ಟಾರು ಎಂದು ಬಾಯಿ ಮುಚ್ಚಿಕೊಂಡೆ. ಮರುದಿನ ಸರೋವರ ಕಂಡ ಸಂಭ್ರಮದಲ್ಲಿ ತಣ್ಣೀರನ್ನೂ ತಲೆಗೆ ಸುರಿದುಕೊಂಡೆ. ನಡುರಾತ್ರಿ ಶೌಚಕ್ಕೆ ಎದ್ದವನು ಕುಡಿದವನ ಹಾಗೆ ತೂರಾಡಿ ಡೇರೆಯ ಹಗ್ಗಕ್ಕೆ ಬಿದ್ದೆ. ಜೀಪಿನಲ್ಲಿ 3,900 ಮೀಟರಿನ ಪುರಂಗಕ್ಕೆ, ಅಂದರೆ ತಕ್ಲಾಕೋಟಿಗೆ, ಇಳಿಸಿದರು. ಏಳುನೂರು ಮೀಟರ್ ಇಳಿದದ್ದಕ್ಕೇ ಬೆಳಗಾಗುವಷ್ಟರಲ್ಲಿ ತಲೆ ತಿಳಿಯಾಯಿತು. ತಪ್ಪು ನನ್ನದೇ, ಬಾಯಿ ಮುಚ್ಚಿಕೊಂಡದ್ದು. ಅಂದಿನಿಂದ ನನ್ನ ಜೊತೆ ಬಂದವರನ್ನೆಲ್ಲ ಸಂಜೆ ಒಂದು ಗೆರೆಯ ಮೇಲೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸುತ್ತೇನೆ. ವಾಲಿದವರನ್ನು ಬೆಳಗಿನವರೆಗೆ ಕಾಯದೆ ಕೆಳಕ್ಕೆ ಇಳಿಸಬೇಕು. ಆಮ್ಲಜನಕದ ಸಿಲಿಂಡರ್ ಇಳಿಯುವವರೆಗಿನ ಆಸರೆ ಮಾತ್ರ.

ಆದ್ದರಿಂದ ದಾರಿ ಆರಿಸುವಾಗ ದಿನ ಕಡಿಮೆ ಎಂಬುದನ್ನು ಗುಣವೆಂದು ತಿಳಿಯಬೇಡಿ. ಹೆಲಿಕಾಪ್ಟರ್ ದಾರಿ ವಯಸ್ಸಾದವರಿಗೆ ಸುಖ ಎಂದು ಜಾಹೀರಾತು ಹೇಳುತ್ತದೆ. ಬಯಲಿನ ನೇಪಾಳಗಂಜಿನಿಂದ ಎರಡು ಮೂರು ದಿನದಲ್ಲಿ ಪುರಂಗ ಮುಟ್ಟಿಸುತ್ತದೆ. ಮೊಣಕಾಲಿಗೆ ಸುಖ, ಶ್ವಾಸಕೋಶಕ್ಕೆ ಶಿಕ್ಷೆ. ಸರ್ಕಾರದ ಯಾತ್ರೆ ಐದು ವರ್ಷ ನಿಂತು 2025ರಲ್ಲಿ ಮತ್ತೆ ಶುರುವಾಯಿತು. ಆ ವರ್ಷ ಉತ್ತರಾಖಂಡದ ಲಿಪುಲೇಖ್ ಕಣಿವೆದಾರಿಯ ಮೂಲಕ 50 ಜನರ ಐದು ತಂಡ, ಸಿಕ್ಕಿಮಿನ ನಾಥು ಲಾ ಮೂಲಕ ಹತ್ತು ತಂಡ, ಒಟ್ಟು 750 ಮಂದಿ. ವಯಸ್ಸು 70 ಮೀರಿರಬಾರದು, ಎತ್ತರ–ತೂಕದ ಸೂಚ್ಯಂಕ (ಬಿಎಂಐ) 25ರೊಳಗಿರಬೇಕು, ಆಯ್ಕೆ ಲಾಟರಿಯಲ್ಲಿ. ನಿಮ್ಮ ತಾಯಿಯವರಿಗೆ ನಾಥು ಲಾ ದಾರಿ ಹೊಂದುತ್ತದೆ; ಬಹುಪಾಲು ವಾಹನದಲ್ಲೇ, ಏರಿಕೆಯೂ ನಿಧಾನ, ದಾರಿಯಲ್ಲಿ ವೈದ್ಯಕೀಯ ತಪಾಸಣೆಯೂ ಇದೆ. ಅದು ಸಿಗದಿದ್ದರೆ ಲ್ಹಾಸಾ ದಾರಿ. 3,650 ಮೀಟರಿನ ಲ್ಹಾಸಾದಲ್ಲಿ ಮೂರು ರಾತ್ರಿ, ಶಿಗಾತ್ಸೆಯಲ್ಲಿ ಒಂದು ರಾತ್ರಿ, ಆಮೇಲೆ ಮೇಲಕ್ಕೆ. ಖರ್ಚು ಹೆಚ್ಚು, ಆದರೆ ಮಳೆಯ ಘಟ್ಟವನ್ನು ವಿಮಾನದಲ್ಲೇ ದಾಟಿಬಿಡುತ್ತೀರಿ. ಕೈಲಾಸದ ಪರಿಕ್ರಮದಲ್ಲಿ 5,630 ಮೀಟರಿನ ದೋಲ್ಮಾ ಲಾ ಕಣಿವೆದಾರಿ ದಾಟುವ ದಿನ ಅವರು ದಾರ್ಚೆನ್‌ನಲ್ಲೇ ಉಳಿಯಲಿ. ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆಯನ್ನು ಪಕ್ಕದ ಮನೆಯವರು ಹೇಳಿದರೆಂದು ನುಂಗಿಸಬೇಡಿ; ಸಲ್ಫಾ ಗುಂಪಿನ ಔಷಧ ಒಗ್ಗದವರಿಗೆ ಅದು ಆಗದಿರಬಹುದು, ರಕ್ತದೊತ್ತಡದ ಕೆಲವು ಮಾತ್ರೆಗಳ ಜೊತೆ ಸರಿಹೋಗದಿರಬಹುದು. ಹೃದಯದ ವೈದ್ಯರನ್ನೇ ಕೇಳಿ.

ಮಾನಸ ಸರೋವರ ಯಾತ್ರಿಗಳಿಗೆ ನಮ್ಮ ರಾಜ್ಯದ ಧಾರ್ಮಿಕ ದತ್ತಿ ಇಲಾಖೆ ಸಹಾಯಧನ ಕೊಡುತ್ತದೆ, ಟಿಕೆಟ್, ವೀಸಾ ಪ್ರತಿಗಳನ್ನು ಎಸೆಯದೆ ಇಟ್ಟುಕೊಳ್ಳಿ. ಗಡಿಯಾಚೆ ಗಡಿಯಾರ ಬೀಜಿಂಗ್ ಸಮಯ ತೋರಿಸುತ್ತದೆ, ನಮಗಿಂತ ಎರಡೂವರೆ ಗಂಟೆ ಮುಂದು. ಸೆಪ್ಟೆಂಬರಿನಲ್ಲಿ ಎಂಟೂವರೆಯಾದರೂ ಸೂರ್ಯ ಪೂರ್ತಿ ಮೇಲೇರಿರುವುದಿಲ್ಲ. ತಾಯಿಯವರ ಮಾತ್ರೆಯ ಹೊತ್ತನ್ನು ಊರಿನ ಸಮಯಕ್ಕೇ ಇಟ್ಟುಕೊಳ್ಳಿ. ತೀರ್ಥ ತರಲು ಐದು ಲೀಟರಿನ ಗಟ್ಟಿ ಕ್ಯಾನ್ ಒಯ್ಯಿರಿ, ಕತ್ತಿನವರೆಗೂ ತುಂಬಿಸಿ. ನಾನೊಮ್ಮೆ ಅರ್ಧ ತುಂಬಿಸಿ ಮುಚ್ಚಳ ಬಿಗಿದಿದ್ದೆ. ಮೇಲಿನ ತೆಳು ಗಾಳಿಯನ್ನು ಒಳಗಿಟ್ಟುಕೊಂಡು ಕೆಳಗೆ ಬಂದ ಕ್ಯಾನು ಬೆಂಗಳೂರು ಮುಟ್ಟುವಷ್ಟರಲ್ಲಿ ಹಿಂಡಿದ ಒದ್ದೆ ಬಟ್ಟೆಯ ಹಾಗೆ ಒಳಕ್ಕೆ ಸೊರಗಿತ್ತು. ಮುಚ್ಚಳ ತಿರುಗಿಸಿದಾಗ ಗಾಳಿ ಒಳಕ್ಕೆ ನುಗ್ಗುವ ಸದ್ದು ಕೇಳಿ ನನ್ನ ಅತ್ತೆಯವರು ಸರೋವರವೇ ಉಸಿರಾಡಿತು ಎಂದು ಕೈಮುಗಿದರು.